ದುಬೈ, ಜೆದ್ದಾ, ಡಲ್ಲಾಸ್: ಮೂರೂ ಕಡೆಯ ಟೈಮ್ ತೋರಿಸುವ ಕೈಗಡಿಯಾರ ಯಾವುದು ತಗೊಳ್ಳಲಿ?

ಗಂಗಾವತಿ ಅಕ್ಕಿ ಆಫೀಸು:
ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿಯಲ್ಲಿ ಅಕ್ಕಿ ವ್ಯಾಪಾರದ ಆಫೀಸಿನಲ್ಲಿ ಇದ್ದೇನೆ. ನಮ್ಮ ಸೋನಾ ಮಸೂರಿ ದುಬೈಗೂ ಜೆದ್ದಾಗೂ ಹೋಗುತ್ತದೆ. ಅಲ್ಲಿನ ಪಾರ್ಟಿಗಳ ಜೊತೆ ದಿನಾ ಮಾತು ಇದ್ದೇ ಇರುತ್ತದೆ. ಮಗಳು ಡಲ್ಲಾಸ್‌ನಲ್ಲಿ ಎಂ.ಎಸ್. ಓದುತ್ತಿದ್ದಾಳೆ. ಈ ಮೂರು ಊರಿನ ಟೈಮ್ ಕೈಯಲ್ಲೇ ಕಾಣುವ ಹಾಗೆ ಒಂದು ವಾಚ್ ಬೇಕು.

ಮೊಬೈಲ್ ಇದೆಯಲ್ಲ ಅಂತ ಕೇಳಬಹುದು. ಲಾರಿಗೆ ಲೋಡಿಂಗ್ ನಡೆಯುವಾಗ ಎರಡೂ ಕೈಗೆ ಕೆಲಸ. ಒಂದರಲ್ಲಿ ಚೀಲದ ಲೆಕ್ಕದ ಪುಸ್ತಕ, ಇನ್ನೊಂದರಲ್ಲಿ ಚೀಲಕ್ಕೆ ಚುಚ್ಚಿ ಸ್ಯಾಂಪಲ್ ತೆಗೆಯುವ ಕೊಳವೆ. ಮೈಯೆಲ್ಲಾ ತೌಡಿನ ಧೂಳು. ಫೋನ್ ಡ್ರಾಯರ್‌ನಲ್ಲೇ ಇಟ್ಟಿರುತ್ತೇನೆ.

ಐದು ಸಾವಿರ ನನ್ನ ಲೆಕ್ಕ, ಜಾಸ್ತಿ ಅಂದರೆ ಏಳು. ಧೂಳು, ಬೆವರು, ಮಳೆ ತಡೆಯಬೇಕು. ವಯಸ್ಸು 50 ದಾಟಿದೆ, ಚಾಳೀಸು ಹಾಕದೆ ಓದುವಂತಿದ್ದರೆ ಬಹಳ ಒಳ್ಳೆಯದು.

ತೋರಣಗಲ್ಲು ಶಿಫ್ಟ್:
ಅಣ್ಣಾ, ಜಿಎಂಟಿ ವಾಚ್ ನೋಡಿ. ನಾಲ್ಕನೇ ಮುಳ್ಳು ಒಂದು ಇರುತ್ತದೆ, ದಿನಕ್ಕೆ ಒಂದೇ ಸುತ್ತು. ಅದನ್ನು 24 ಗಂಟೆಯ ಅಂಕಿಗಳ ಮೇಲೆ ಓದಬೇಕು. ಅಲ್ಲಿ ಹಗಲೋ ರಾತ್ರಿಯೋ ಅನ್ನೋದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. 1950ರ ದಶಕದಲ್ಲಿ ಪ್ಯಾನ್ ಆಮ್ ವಿಮಾನ ಕಂಪನಿಯ ಪೈಲಟ್‌ಗಳಿಗೆ ಅಂತ ರೋಲೆಕ್ಸ್ ಮಾಡಿ ಹೆಸರಾದ ಬಗೆ ಇದು. ಸೈಕೋ 5 ಸ್ಪೋರ್ಟ್ಸ್‌ನಲ್ಲೂ 2022ರಿಂದ ಬರುತ್ತಿದೆ. ನಿಮ್ಮ ಬಜೆಟ್ ದಾಟುತ್ತದೆ ನಿಜ. ಆದರೆ ಕೈಗೆ ಕಟ್ಟಿಕೊಂಡರೆ ಅದರ ಗತ್ತೇ ಬೇರೆ.

ರಾಯಚೂರು ರಿಪೇರಿ ಅಂಗಡಿ:
ಸ್ವಲ್ಪ ತಡೀರಿ. ಜಿಎಂಟಿ ವಾಚ್ ನನಗೂ ಬಹಳ ಇಷ್ಟ. ಆದರೆ ನಮ್ಮ ದೇಶದಲ್ಲಿ ಕೂತು ಬಳಸುವವರು ಮೊದಲು ಒಂದು ವಿಷಯ ನೋಡಬೇಕು, ಅದು ಅರ್ಧ ಗಂಟೆ.

ನಾವು ಲಂಡನ್‌ನ ಗ್ರೀನಿಚ್ ಟೈಮ್‌ಗಿಂತ ಐದೂವರೆ ಗಂಟೆ ಮುಂದೆ. ದುಬೈ ನಾಲ್ಕು ಗಂಟೆ ಮುಂದೆ, ಜೆದ್ದಾ ಮೂರು. ಅಂದರೆ ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಜೆದ್ದಾ ಎರಡೂವರೆ ಗಂಟೆ ಹಿಂದೆ. ಹೆಚ್ಚಿನ ಊರುಗಳಿಗೆ ಈ ಅರ್ಧ ಬಿಡೋದಿಲ್ಲ. ಸಿಂಗಾಪುರ, ಚೀನಾ ಎರಡೂವರೆ ಗಂಟೆ ಮುಂದೆ. ಜಪಾನ್ ಮೂರೂವರೆ.

ಜಿಎಂಟಿ ಮುಳ್ಳು ಒಂದೊಂದೇ ಗಂಟೆ ಜಿಗಿಯುತ್ತದೆ. ಪಕ್ಕದಲ್ಲಿರುವ ಕೀಲಿ, ಅಂದರೆ ಕ್ರೌನ್, ಒಂದು ಹಂತ ಎಳೆದು ತಿರುಗಿಸಿದರೆ ಟಕ್ ಅಂತ ಒಂದು ಗಂಟೆ, ಮತ್ತೆ ಟಕ್ ಅಂತ ಇನ್ನೊಂದು. ನಡುವೆ ಅರ್ಧದಲ್ಲಿ ನಿಲ್ಲುವುದಿಲ್ಲ. ನಿಮಿಷದ ಮುಳ್ಳು ಎಲ್ಲಾ ಊರಿಗೂ ಒಂದೇ. ಇಲ್ಲಿ ಬೆಳಿಗ್ಗೆ 10:15 ಅಂದುಕೊಳ್ಳಿ. ದುಬೈನಲ್ಲಿ 8:45. ನಾಲ್ಕನೇ ಮುಳ್ಳನ್ನು ಎರಡು ಗಂಟೆ ಹಿಂದಕ್ಕೆ ಇಟ್ಟರೆ ವಾಚ್ ತೋರಿಸುವುದು 8:15. ಅದಕ್ಕೆ 30 ನಿಮಿಷ ನೀವೇ ಕೂಡಿಸಿಕೊಳ್ಳಬೇಕು. ಯುರೋಪಿನಲ್ಲೋ ಅಮೆರಿಕದಲ್ಲೋ ಕೂತವರಿಗೆ ಈ ತಾಪತ್ರಯ ಇಲ್ಲ. ಅಲ್ಲಿನ ಹೆಚ್ಚಿನ ಊರುಗಳ ಲೆಕ್ಕ ಪೂರ್ತಿ ಗಂಟೆಯಲ್ಲೇ ಇರುತ್ತದೆ. ಜಿಎಂಟಿ ವಾಚ್ ಅವರನ್ನು ನೋಡಿಕೊಂಡು ಮಾಡಿದ್ದು.

ದಾರಿ ಒಂದಿದೆ. ನಾಲ್ಕನೇ ಮುಳ್ಳನ್ನು ಇಲ್ಲಿನ ಟೈಮ್‌ಗೇ ಬಿಟ್ಟು, 24 ಗಂಟೆಯ ಅಂಕಿ ಇರುವ ಸುತ್ತಲಿನ ಬೆಜೆಲ್ ರಿಂಗ್ ಅನ್ನು ಒಂದೂವರೆ ಗಂಟೆಯಷ್ಟು ಬಲಕ್ಕೆ ತಿರುಗಿಸುವುದು. ಆಗ ಮುಳ್ಳು 8ಕ್ಕೂ 9ಕ್ಕೂ ನಡುವೆ ತೋರಿಸುತ್ತದೆ. ಇದಕ್ಕೆ ರಿಂಗ್ ಅರ್ಧದಲ್ಲಿ ನಿಲ್ಲಬೇಕಲ್ಲ. ಸುತ್ತಿಗೆ 24 ಕ್ಲಿಕ್ ಇರುವ ರಿಂಗ್ ನಿಲ್ಲುವುದಿಲ್ಲ. 48 ಕ್ಲಿಕ್ ಇದ್ದರೆ ಮೂರು ಕ್ಲಿಕ್‌ಗೆ ಸರಿಯಾಗಿ ಬರುತ್ತದೆ. 120 ಕ್ಲಿಕ್‌ನದೂ ಆಗುವುದಿಲ್ಲ, ಏಳೂವರೆ ಕ್ಲಿಕ್ ಬೇಕಾಗುತ್ತದೆ. ಮೇಲೆ ಹೇಳಿದ ಸೈಕೋದಲ್ಲಿ ಕ್ಲಿಕ್ಕೇ ಇಲ್ಲ, ರಿಂಗ್ ಎಲ್ಲಿ ಬೇಕಾದರೂ ನಿಲ್ಲುತ್ತದೆ. ಹಾಗಾಗಿ ಅದು ನಮಗೆ ಒಗ್ಗುತ್ತದೆ. ಅಂಗಡಿಯಲ್ಲಿ ಜಿಎಂಟಿ ವಾಚ್ ನೋಡುವವರು ಮೊದಲು ರಿಂಗ್ ತಿರುಗಿಸಿ ನೋಡಿ. ಬ್ರ್ಯಾಂಡ್ ಹೆಸರು ಆಮೇಲೆ ಓದಿದರೆ ಸಾಕು.

ಸಿಂಧನೂರು ಮೇಷ್ಟ್ರು:
ಈ ಅರ್ಧ ಗಂಟೆ ಎಲ್ಲಿಂದ ಬಂತು ಅಂತ ಮಕ್ಕಳು ಕೇಳುತ್ತಾರೆ. ಭೂಮಿ 15 ಡಿಗ್ರಿ ತಿರುಗಿದರೆ ಒಂದು ಗಂಟೆ. ನಮ್ಮ ದೇಶದ ಟೈಮ್‌ಗೆ ಹಿಡಿದಿರುವುದು ಮಿರ್ಜಾಪುರದ ಹತ್ತಿರ ಹಾದು ಹೋಗುವ 82.5 ಡಿಗ್ರಿ ರೇಖೆ. ಭಾಗಿಸಿ ನೋಡಿ, ಸರಿಯಾಗಿ ಐದೂವರೆ ಬರುತ್ತದೆ. 1906ರ ಜನವರಿ 1ರಿಂದ ಇದು ಜಾರಿಗೆ ಬಂತು.

ಅದಕ್ಕೂ ಮುಂಚೆ ಬಾಂಬೆ ಟೈಮ್ ಬೇರೆ, ಮದ್ರಾಸ್ ಟೈಮ್ ಬೇರೆ. ಎರಡರ ನಡುವೆ ಸುಮಾರು ಅರ್ಧ ಗಂಟೆ ಅಂತರ. 1871ರಲ್ಲಿ ಬಾಂಬೆ ಕಡೆಯ ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲು ಮಾರ್ಗವೂ ಮದ್ರಾಸ್ ಮಾರ್ಗವೂ ಬಂದು ಕೂಡಿದ್ದು ನಮ್ಮ ರಾಯಚೂರಿನಲ್ಲೇ. ಎರಡು ಊರಿನ ಹಳಿ ಒಂದಾದ ಜಾಗ ಅದು. ಪ್ಲಾಟ್‌ಫಾರ್ಮ್ ಮೇಲೆ ನಿಂತಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಇನ್ನೊಂದು ವಿಷಯ. ಮಿರ್ಜಾಪುರದ ರೇಖೆಗಿಂತ ನಾವು ಪಶ್ಚಿಮಕ್ಕೆ ಇದ್ದೇವೆ. ಅದಕ್ಕೇ ನಮ್ಮ ಕಡೆ ಸೂರ್ಯ ನೆತ್ತಿಗೆ ಬರುವುದು ಹನ್ನೆರಡಕ್ಕಲ್ಲ, ಸುಮಾರು 12 ಗಂಟೆ 20 ನಿಮಿಷಕ್ಕೆ. ತಿಂಗಳಿಗೆ ತಕ್ಕ ಹಾಗೆ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ.

ಮಾನ್ವಿಯಿಂದ ಜೆದ್ದಾ:
ಗಂಗಾವತಿ ಅಣ್ಣಾ, ನಾನು ಜೆದ್ದಾದಲ್ಲೇ ಇದ್ದೇನೆ. ನಮ್ಮ ಕಡೆಯ ಹುಡುಗರು ಬಹಳ ಜನ ಎರಡು ಡಯಲ್‌ನ ವಾಚ್ ಕಟ್ಟುತ್ತಾರೆ. ಒಂದರಲ್ಲಿ ಇಲ್ಲಿನ ಟೈಮ್, ಇನ್ನೊಂದರಲ್ಲಿ ಊರಿನ ಟೈಮ್. ಒಳಗೆ ಎರಡು ಬೇರೆ ಬೇರೆ ಮೆಷಿನ್, ಎರಡು ಸೆಲ್, ಎರಡು ಕ್ರೌನ್. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ. ಅರ್ಧ ಗಂಟೆ ಏನು, ಕಾಠ್ಮಂಡುವಿನ ಐದೂಮುಕ್ಕಾಲು ಬೇಕಾದರೂ ಇಡಬಹುದು. ಲೆಕ್ಕವೇ ಬೇಡ. ಊರಿನ ಡಯಲ್ ನೋಡಿದರೆ ಅವ್ವ ಮಲಗಿದ್ದಾಳೋ ಎದ್ದಿದ್ದಾಳೋ ಗೊತ್ತಾಗುತ್ತದೆ.

ನಿಮ್ಮ ವ್ಯಾಪಾರಕ್ಕೆ ಇನ್ನೊಂದು ಮಾತು. ಟೈಮ್ ಜೊತೆಗೆ ವಾರವನ್ನೂ ನೋಡಿ. ಸೌದಿಯಲ್ಲಿ ರಜೆ ಶುಕ್ರವಾರ, ಶನಿವಾರ. ದುಬೈನಲ್ಲಿ 2022ರಿಂದ ಶನಿವಾರ, ಭಾನುವಾರ ಆಗಿದೆ, ಶುಕ್ರವಾರ ಸರ್ಕಾರಿ ಆಫೀಸು ಅರ್ಧ ದಿನ. ಭಾನುವಾರ ಜೆದ್ದಾ ಪಾರ್ಟಿ ಸಿಗುತ್ತಾನೆ, ದುಬೈ ಪಾರ್ಟಿ ಸಿಗುವುದಿಲ್ಲ. ವಾರ, ತಾರೀಖು ತೋರಿಸುವ ವಾಚ್ ಆದರೆ ಒಳ್ಳೆಯದು.

ಕಾರಟಗಿ:
ನಾನೂ ಇದನ್ನು ಓದುತ್ತಿದ್ದೇನೆ. ತಮ್ಮ ಮಸ್ಕತ್‌ನಲ್ಲಿದ್ದಾನೆ. ಮಸ್ಕತ್‌ದೂ ದುಬೈ ಟೈಮೇ ಅಲ್ವಾ?

ಮಾನ್ವಿಯಿಂದ ಜೆದ್ದಾ:
ಹೌದು, ಒಂದೇ. ದೋಹಾ, ಕುವೈತ್, ಬಹ್ರೇನ್ ಮಾತ್ರ ಜೆದ್ದಾ ಟೈಮ್.

ಗಂಗಾವತಿ ಅಕ್ಕಿ ಆಫೀಸು:
ಎಲ್ಲರಿಗೂ ಧನ್ಯವಾದ. ಎರಡು ಡಯಲ್ ಮನಸ್ಸಿಗೆ ಹಿಡಿಸಿತು. ಜೆದ್ದಾ ಯಾವಾಗಲೂ ದುಬೈಗಿಂತ ಒಂದು ಗಂಟೆ ಹಿಂದೆ. ಅಲ್ಲಿಗೆ ಎರಡೂ ಊರು ಒಂದೇ ಡಯಲ್‌ನಲ್ಲಿ ಆಯಿತು. ಉಳಿದದ್ದು ಮಗಳ ಊರು. ಅಲ್ಲಿ ವರ್ಷಕ್ಕೆ ಎರಡು ಸಲ ಟೈಮ್ ಬದಲಾಗುತ್ತದೆ ಅಂತ ಅವಳೇ ಹೇಳುತ್ತಾಳೆ. ಅದಕ್ಕೆ ವಾಚ್‌ನಲ್ಲಿ ಏನು ಮಾಡಬೇಕು?

ಬಳ್ಳಾರಿ ನೈಟ್ ಶಿಫ್ಟ್:
ಅಣ್ಣಾ, ಇದಕ್ಕೆ ನಾನು ಹೇಳುತ್ತೇನೆ. ಬಳ್ಳಾರಿಯ ಮನೆಯಿಂದಲೇ ಅಮೆರಿಕದ ಆಸ್ಪತ್ರೆಗಳ ಬಿಲ್ಲಿಂಗ್ ಕೆಲಸ ಮಾಡುತ್ತೇನೆ. ಅಲ್ಲಿನ ನಾಲ್ಕು ಟೈಮ್ ಝೋನ್‌ಗಳ ಜೊತೆಯೇ ನನ್ನ ರಾತ್ರಿ ಕಳೆಯುತ್ತದೆ.

ಡಲ್ಲಾಸ್ ಇರುವುದು ಸೆಂಟ್ರಲ್ ಟೈಮ್‌ನಲ್ಲಿ, ಶಿಕಾಗೋ ಟೈಮ್ ಅಂದರೂ ಅದೇ. ಚಳಿಗಾಲದಲ್ಲಿ ನಮಗಿಂತ ಹನ್ನೊಂದೂವರೆ ಗಂಟೆ ಹಿಂದೆ. ಮಾರ್ಚ್ ತಿಂಗಳ ಎರಡನೇ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುತ್ತಾರೆ. ಆಗ ಅಂತರ ಹತ್ತೂವರೆ ಗಂಟೆ. ನವೆಂಬರ್ ಮೊದಲ ಭಾನುವಾರ ಮತ್ತೆ ಹಿಂದಕ್ಕೆ. ವರ್ಷದಲ್ಲಿ ಹೆಚ್ಚು ದಿನ ಹತ್ತೂವರೆ ಗಂಟೆಯೇ ಇರುತ್ತದೆ, ಅದನ್ನೇ ಮಾಮೂಲು ಅಂತ ಇಟ್ಟುಕೊಳ್ಳಿ.

ಈಗ ಬಹಳ ಸುಲಭದ ಲೆಕ್ಕ. 12 ಗಂಟೆಯ ಡಯಲ್‌ನಲ್ಲಿ ಹನ್ನೊಂದೂವರೆ ಹಿಂದೆ ಅಂದರೂ ಅರ್ಧ ಗಂಟೆ ಮುಂದೆ ಅಂದರೂ ಮುಳ್ಳು ನಿಲ್ಲುವ ಜಾಗ ಒಂದೇ. ಹಾಗಾಗಿ ಚಳಿಗಾಲದಲ್ಲಿ ನಮ್ಮ ಟೈಮ್‌ಗೆ ಅರ್ಧ ಗಂಟೆ ಕೂಡಿಸಿ ಹಗಲು ರಾತ್ರಿ ಅದಲು ಬದಲು ಮಾಡಿ. ಇಲ್ಲಿ ರಾತ್ರಿ 8 ಆದರೆ ಅಲ್ಲಿ ಬೆಳಿಗ್ಗೆ 8:30. ಮಾರ್ಚ್ ಆದ ಮೇಲೆ ಒಂದೂವರೆ ಗಂಟೆ ಕೂಡಿಸಿ. ರಾತ್ರಿ 8ಕ್ಕೆ ಅಲ್ಲಿ ಬೆಳಿಗ್ಗೆ 9:30. ನ್ಯೂಯಾರ್ಕ್ ಆದರೆ ಇದರ ಮೇಲೆ ಇನ್ನೊಂದು ಗಂಟೆ.

ಕ್ಯಾಲಿಫೋರ್ನಿಯಾ ಇನ್ನೂ ಚಂದ. ಚಳಿಗಾಲದಲ್ಲಿ ಅದಕ್ಕೂ ದುಬೈಗೂ ಸರಿಯಾಗಿ 12 ಗಂಟೆ ಅಂತರ. ದುಬೈಗೆ ಇಟ್ಟ ಡಯಲ್ಲೇ ಸಾಕು, ರಾತ್ರಿಯನ್ನು ಹಗಲು ಅಂತ ಓದಬೇಕು ಅಷ್ಟೇ.

ಇಷ್ಟೆಲ್ಲಾ ಬಾಯಿಪಾಠ ಇದ್ದರೂ ನಾನು ಕೈಗೆ ಕಟ್ಟಿರುವುದು ಕ್ಯಾಸಿಯೋ ಎಇ-1200. ನಿದ್ದೆಗಣ್ಣಲ್ಲಿ ಲೆಕ್ಕ ಹಾಕುವುದಕ್ಕಿಂತ ನೋಡುವುದು ಸುಲಭ. ಒಂದೇ ವಾಚ್‌ನಲ್ಲಿ ನಾಲ್ಕು ಊರು ಇಡಬಹುದು, ಒಟ್ಟು 48 ಊರುಗಳ ಪಟ್ಟಿ ಒಳಗೇ ಇದೆ. ದೆಹಲಿಯ ಐದೂವರೆ, ಕಾಠ್ಮಂಡುವಿನ ಐದೂಮುಕ್ಕಾಲು ಎಲ್ಲವೂ ಸರಿಯಾಗಿ ಇವೆ. ಅಲಾರಂ ಐದು. ಸೆಲ್ ಹತ್ತು ವರ್ಷ ಬರುತ್ತದೆ ಅಂತ ಕಂಪನಿ ಹೇಳುತ್ತದೆ. 100 ಮೀಟರ್ ನೀರು ತಡೆಯುವ ಗುರುತು ಇದೆ. ಐದು ಸಾವಿರದ ಒಳಗೇ ಸಿಗುತ್ತದೆ.

ಒಂದು ಕೊರತೆ ಇದೆ. ಅಮೆರಿಕದ ಟೈಮ್ ಬದಲಾಗುವುದು ಅದಕ್ಕೆ ತಾನಾಗಿ ಗೊತ್ತಾಗುವುದಿಲ್ಲ. ಡಿಎಸ್‌ಟಿ, ಅಂದರೆ ಬೇಸಿಗೆಯ ಟೈಮ್ ಅನ್ನುವುದನ್ನು ವರ್ಷಕ್ಕೆ ಎರಡು ಸಲ ನಾವೇ ಆನ್, ಆಫ್ ಮಾಡಬೇಕು. ಊರಿಗೊಂದರಂತೆ ಬೇರೆ ಬೇರೆ ಮಾಡಬಹುದು, ಆದ್ದರಿಂದ ದುಬೈ ಕೆಡುವುದಿಲ್ಲ.

ಕೊಪ್ಪಳ ಡಿಪ್ಲೊಮಾ:
ಇಷ್ಟು ತಲೆ ಯಾಕೆ ಕೆಡಿಸಿಕೊಳ್ಳಬೇಕು ಸರ್? ಸ್ಮಾರ್ಟ್‌ವಾಚ್ ತಗೊಳ್ಳಿ. ಯಾವ ಊರು ಬೇಕೋ ಹಾಕಿ, ಡಿಎಸ್‌ಟಿ ಅದೇ ನೋಡಿಕೊಳ್ಳುತ್ತದೆ. ಅಕ್ಷರ ಬೇಕಾದಷ್ಟು ದೊಡ್ಡದು ಮಾಡಬಹುದು.

ರಾಯಚೂರು ರಿಪೇರಿ ಅಂಗಡಿ:
ತಮ್ಮಾ, ನೀನು ಹೇಳುವುದು ಸರಿ. ಮೂರು ಊರನ್ನು ಒಂದೇ ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ತೋರಿಸುವುದು ಅದೊಂದೇ. ಆದರೆ ಚಾರ್ಜ್ ಅನ್ನುವುದು ದೊಡ್ಡ ಮಾತು. ಆಪಲ್ ವಾಚ್‌ನ ಬಹಳ ಮಾಡೆಲ್‌ಗಳಿಗೆ ಕಂಪನಿಯೇ ಹೇಳುತ್ತಿದ್ದದ್ದು 18 ಗಂಟೆ. ಬೇರೆ ಕೆಲವು ಒಂದು ವಾರ, ಹತ್ತು ದಿನ ಬರುತ್ತವೆ. ನಾಲ್ಕೈದು ವರ್ಷಕ್ಕೆ ಬ್ಯಾಟರಿ ಸೊರಗಿತು ಅಂದರೆ ಬದಲಿಸುವುದು ನಮ್ಮಂಥ ಅಂಗಡಿಯಲ್ಲಿ ಕಷ್ಟ. ಲೋಡಿಂಗ್ ಜಾಗದಲ್ಲಿ ತೌಡು ಮೆತ್ತಿದ ಬೆರಳಿನಿಂದ ಪರದೆ ಉಜ್ಜುವುದು ಸಾಧ್ಯವಾ? ಬಟನ್ ಇರುವ ವಾಚ್ ಆದರೆ ಕೈಗವಸು ಹಾಕಿದ್ದರೂ ಒತ್ತಬಹುದು.

ಆನೆಗೊಂದಿ ಹೋಂಸ್ಟೇ:
ನಾನು ಎರಡಕ್ಕೂ ನಡುವಿನದು ಹೇಳುತ್ತೇನೆ. ಬ್ಲೂಟೂತ್ ಇರುವ ಕ್ಯಾಸಿಯೋ ಜಿ-ಶಾಕ್. ನೋಡಲು ಮಾಮೂಲಿ ಡಿಜಿಟಲ್ ವಾಚ್. ಫೋನ್‌ನ ಆ್ಯಪ್‌ನಿಂದ ಊರು ಆರಿಸಬಹುದು, ಸುಮಾರು 300 ಊರು ಇವೆ. ಡಿಎಸ್‌ಟಿ ನಿಯಮವನ್ನೂ ಅಲ್ಲಿಂದಲೇ ತಗೊಳ್ಳುತ್ತದೆ, ಟೈಮನ್ನೂ ಸರಿ ಮಾಡಿಕೊಳ್ಳುತ್ತದೆ. ಬಿಸಿಲಿನಿಂದ ಚಾರ್ಜ್ ಆಗುವ ಮಾಡೆಲ್ ತಗೊಂಡರೆ ನಮ್ಮ ಕಡೆ ಅದಕ್ಕೆ ಬರವಿಲ್ಲ. ಬೆಲೆ ನಿಮ್ಮ ಲೆಕ್ಕ ದಾಟುತ್ತದೆ, ಅದೊಂದೇ ಬೇಸರ.

ನನಗೆ ಬುಕಿಂಗ್ ಬರುವುದು ಜರ್ಮನಿ, ಇಂಗ್ಲೆಂಡ್ ಕಡೆಯಿಂದ. ಅವರೂ ಟೈಮ್ ಬದಲಿಸುತ್ತಾರೆ, ಆದರೆ ಅಮೆರಿಕದ ದಿನ ಅಲ್ಲ. ಮಾರ್ಚ್ ಕೊನೆಯ ಭಾನುವಾರ ಮುಂದಕ್ಕೆ, ಅಕ್ಟೋಬರ್ ಕೊನೆಯ ಭಾನುವಾರ ಹಿಂದಕ್ಕೆ. ಮಾರ್ಚ್‌ನಲ್ಲಿ ಎರಡು ಮೂರು ವಾರ ಒಬ್ಬರು ಬದಲಿಸಿರುತ್ತಾರೆ, ಇನ್ನೊಬ್ಬರು ಬದಲಿಸಿರುವುದಿಲ್ಲ. ಎರಡೂ ಕಡೆ ವ್ಯವಹಾರ ಇರುವವರು ಆ ದಿನಗಳಲ್ಲಿ ಹುಷಾರಾಗಿರಬೇಕು.

ಇಂಗ್ಲೆಂಡಿಗೆ ಒಂದು ಹಳೆಯ ಉಪಾಯ ಇದೆ, ವಾಚ್ ಹೊಸದು ಬೇಕಿಲ್ಲ. ಚಳಿಗಾಲದಲ್ಲಿ ಮುಳ್ಳಿನ ವಾಚನ್ನು ತಲೆಕೆಳಗೆ ಹಿಡಿದು ಓದಿ. ನಮ್ಮ ಮಧ್ಯಾಹ್ನ 2:30 ಅಲ್ಲಿನ ಬೆಳಿಗ್ಗೆ 9 ಆಗಿ ಕಾಣುತ್ತದೆ. ಗಂಟೆ ಮುಳ್ಳು ಅಂಕಿಗಿಂತ ಸ್ವಲ್ಪ ಹಿಂದೆ ನಿಂತಿರುತ್ತದೆ, ಆದರೂ ಓದಲು ತೊಂದರೆ ಇಲ್ಲ. ಅಂತರ ಐದೂವರೆ ಇರುವುದಕ್ಕೇ ಇದು ಆಗುವುದು. ಬೇಸಿಗೆಯಲ್ಲಿ ನಾಲ್ಕೂವರೆ ಆಗುತ್ತದೆ, ಆಗ ನಡೆಯುವುದಿಲ್ಲ.

ಸಿಂಧನೂರು ಮೇಷ್ಟ್ರು:
ಈಗಷ್ಟೇ ನನ್ನ ಹಳೆಯ ಎಚ್‌ಎಂಟಿ ತಲೆಕೆಳಗೆ ಹಿಡಿದು ನೋಡಿದೆ. ನಾಳೆ ತರಗತಿಯಲ್ಲಿ ಇದನ್ನೇ ತೋರಿಸುತ್ತೇನೆ. ಡಯಲ್ ಸುತ್ತ ಊರುಗಳ ಹೆಸರು ಬರೆದಿರುವ ವಾಚ್‌ಗಳ ಬಗ್ಗೆ ಯಾರೂ ಹೇಳಲಿಲ್ಲವಲ್ಲ?

ರಾಯಚೂರು ರಿಪೇರಿ ಅಂಗಡಿ:
ಮೇಷ್ಟ್ರೇ, ಅವನ್ನು ವರ್ಲ್ಡ್ ಟೈಮರ್ ಅನ್ನುತ್ತಾರೆ. 1930ರ ದಶಕದಲ್ಲಿ ಜಿನೀವಾದ ಲೂಯಿ ಕೊತಿಯೆ ಅನ್ನುವ ಕುಶಲಕರ್ಮಿ ಮಾಡಿದ ಏರ್ಪಾಡು. ಸುತ್ತ 24 ಊರು, ಒಳಗೆ 24 ಗಂಟೆಯ ರಿಂಗ್ ತಿರುಗುತ್ತದೆ. ಒಂದೇ ನೋಟಕ್ಕೆ ಇಡೀ ಪ್ರಪಂಚ. ನೋಡಲು ಬಹಳ ಚಂದ. ಆದರೆ ಊರೆಲ್ಲ ಪೂರ್ತಿ ಗಂಟೆಯ ಲೆಕ್ಕದಲ್ಲೇ. ಕರಾಚಿ ಇರುತ್ತದೆ, ಢಾಕಾ ಇರುತ್ತದೆ, ನಡುವೆ ದೆಹಲಿಗೆ ಜಾಗವೇ ಇರುವುದಿಲ್ಲ. ವಾಶರಾನ್ ಕಾನ್ಸ್ಟಂಟಿನ್ ಕಂಪನಿ 2011ರಲ್ಲಿ ಅರ್ಧ, ಕಾಲು ಗಂಟೆಗಳನ್ನೂ ಸೇರಿಸಿ 37 ಝೋನ್ ತೋರಿಸುವ ವಾಚ್ ಮಾಡಿತು. ಅದು ಲಕ್ಷಗಟ್ಟಲೆ ಬೆಲೆಯ ವಸ್ತು. ಎರಡು ಸಾವಿರದ ಡಿಜಿಟಲ್ ವಾಚ್ ಈ ಕೆಲಸವನ್ನು ಎಷ್ಟೋ ವರ್ಷದಿಂದ ಮಾಡುತ್ತಿದೆ. ನನಗೆ ಡಿಜಿಟಲ್ ಮೇಲೆ ಗೌರವ ಇರುವುದು ಇದಕ್ಕೇ.

ತೋರಣಗಲ್ಲು ಶಿಫ್ಟ್:
ಅರ್ಧ ಗಂಟೆಯ ವಿಷಯ ನನಗೆ ಹೊಳೆದಿರಲಿಲ್ಲ, ಒಳ್ಳೆಯದಾಯಿತು. ನನ್ನದೂ ಒಂದು ಪ್ರಶ್ನೆ. ನಮ್ಮಲ್ಲಿ ಕ್ರೇನ್‌ಗೆ ದೊಡ್ಡ ಅಯಸ್ಕಾಂತ ಹಾಕಿ ಕಬ್ಬಿಣ ಎತ್ತುವ ಜಾಗ ಇದೆ. ಆಟೋಮ್ಯಾಟಿಕ್ ಜಿಎಂಟಿ ಕಟ್ಟಿಕೊಂಡು ಅಲ್ಲಿ ಓಡಾಡಬಹುದಾ?

ರಾಯಚೂರು ರಿಪೇರಿ ಅಂಗಡಿ:
ಬೇಡ. ಆಟೋಮ್ಯಾಟಿಕ್ ವಾಚ್ ಒಳಗೆ ಕೂದಲಿನಷ್ಟು ಸಣ್ಣ ಸ್ಪ್ರಿಂಗ್ ಇರುತ್ತದೆ. ಅದಕ್ಕೆ ಅಯಸ್ಕಾಂತದ ಗುಣ ಹತ್ತಿದರೆ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು ವಾಚ್ ವಿಪರೀತ ಫಾಸ್ಟ್ ಓಡುತ್ತದೆ. ಡಿಮ್ಯಾಗ್ನೆಟೈಸರ್ ಮೇಲೆ ಇಟ್ಟರೆ ಸರಿಯಾಗುತ್ತದೆ, ಅದಕ್ಕೆ ಬಹಳ ಹೊತ್ತೇನೂ ಬೇಡ. ಆದರೆ ಮಾರನೆಯ ಶಿಫ್ಟ್‌ಗೆ ಮತ್ತೆ ಅದೇ ಕಥೆ. ಸೆಲ್ ಹಾಕುವ ಮುಳ್ಳಿನ ವಾಚ್ ಅಯಸ್ಕಾಂತದ ಹತ್ತಿರ ನಿಂತು ಹೋಗಬಹುದು, ದೂರ ಬಂದರೆ ನಡೆಯುತ್ತದೆ, ಟೈಮ್ ಮಾತ್ರ ಹಿಂದೆ ಬಿದ್ದಿರುತ್ತದೆ. ಮುಳ್ಳೇ ಇಲ್ಲದ ಡಿಜಿಟಲ್‌ಗೆ ಈ ಚಿಂತೆ ಇಲ್ಲ. ಜಿಎಂಟಿ ಕೊಂಡರೆ ರಜೆಯ ದಿನ ಕಟ್ಟಿಕೊಳ್ಳಿ.

ಕಾರಟಗಿ:
ರೇಡಿಯೋ ಸಿಗ್ನಲ್‌ನಿಂದ ತಾನೇ ಟೈಮ್ ಸರಿ ಮಾಡಿಕೊಳ್ಳುವ ವಾಚ್ ಅಂತ ಅಂಗಡಿಯವರು ಹೇಳುತ್ತಿದ್ದಾರೆ. ಎರಡು ಸಾವಿರ ಜಾಸ್ತಿ ಕೇಳುತ್ತಾರೆ.

ಆನೆಗೊಂದಿ ಹೋಂಸ್ಟೇ:
ಆ ಸಿಗ್ನಲ್ ಕಳಿಸುವ ಕೇಂದ್ರಗಳು ಇರುವುದು ಜಪಾನ್, ಚೀನಾ, ಅಮೆರಿಕ, ಇಂಗ್ಲೆಂಡ್, ಜರ್ಮನಿಯಲ್ಲಿ. ನಮ್ಮಲ್ಲಿ ಇಲ್ಲ. ಕಾರಟಗಿಯಲ್ಲಿ ಕೂತು ಅದಕ್ಕಾಗಿ ದುಡ್ಡು ಕೊಡಬೇಡಿ.

ಗಂಗಾವತಿ ಅಕ್ಕಿ ಆಫೀಸು:
ಕೆಲಸದ ಮೇಲೆ ಬಳ್ಳಾರಿಗೆ ಹೋಗಿದ್ದೆ, ಬೆಂಗಳೂರು ರಸ್ತೆಯ ಅಂಗಡಿಯಲ್ಲಿ ಎರಡನ್ನೂ ಕೈಗೆ ಕಟ್ಟಿ ನೋಡಿದೆ. ಎರಡು ಡಯಲ್‌ನದು ಚೆನ್ನಾಗಿತ್ತು. ಆದರೆ ಅಂಗಡಿಯಲ್ಲಿದ್ದ ಮಾಡೆಲ್‌ಗೆ 30 ಮೀಟರ್ ಗುರುತು ಮಾತ್ರ, ಚಿಕ್ಕ ಡಯಲ್‌ನಲ್ಲಿ ಹಗಲು ರಾತ್ರಿ ಗೊತ್ತಾಗುತ್ತಿರಲಿಲ್ಲ. ಎಇ-1200 ಹಗುರ, ಕೈಯಲ್ಲಿ ಇರುವುದೇ ಗೊತ್ತಾಗುವುದಿಲ್ಲ. ಅಂಗಡಿಯ ಹೊರಗೆ ಬಿಸಿಲಿಗೆ ಹಿಡಿದೆ. ಕೆಳಗಿನ ಟೈಮ್ ಅಂಕಿ ಚಾಳೀಸು ಇಲ್ಲದೆ ಓದಬಲ್ಲೆ. ಮೇಲಿನ ಭೂಪಟ, ಊರಿನ ಸಣ್ಣ ಅಕ್ಷರ ಮಸುಕು. ಅದು ನನಗೆ ಬೇಕಾಗಿಯೂ ಇಲ್ಲ. ರಾತ್ರಿ ಲೈಟ್ ಸ್ವಲ್ಪ ಸಣ್ಣದು. ಅದನ್ನೇ ತಗೊಂಡೆ.

ಬಳ್ಳಾರಿ ತಂಗೀ, ಊರುಗಳನ್ನು ಹೇಗೆ ಇಡಬೇಕು ಅಂತ ಹೇಳಿಬಿಡಮ್ಮ.

ಬಳ್ಳಾರಿ ನೈಟ್ ಶಿಫ್ಟ್:
ಖಂಡಿತ ಅಣ್ಣಾ. ವಾಚ್‌ನಲ್ಲಿ ಟಿ-1ರಿಂದ ಟಿ-4ರವರೆಗೆ ನಾಲ್ಕು ಮನೆ ಇವೆ. ಟಿ-1 ನಿಮ್ಮ ಊರು, ಅಲ್ಲಿ ಡಿಇಎಲ್ ಇಡಿ, ಅಂದರೆ ದೆಹಲಿ. ಮೊದಲು ಇದನ್ನೇ ಇಟ್ಟು ಟೈಮ್ ಸರಿ ಮಾಡಿ. ಬೇರೆ ಊರು ಇದ್ದಾಗ ಟೈಮ್ ಸರಿ ಮಾಡಿ ಆಮೇಲೆ ಊರು ಬದಲಿಸಿದರೆ ಎಲ್ಲವೂ ಹಿಂದೆ ಮುಂದೆ ಆಗುತ್ತದೆ. ಟಿ-2ಕ್ಕೆ ಡಿಎಕ್ಸ್‌ಬಿ ದುಬೈ, ಟಿ-3ಕ್ಕೆ ಜೆಇಡಿ ಜೆದ್ದಾ, ಟಿ-4ಕ್ಕೆ ಸಿಎಚ್‌ಐ, ಅದು ಶಿಕಾಗೋ. ಪಟ್ಟಿಯಲ್ಲಿ ಡಲ್ಲಾಸ್ ಹುಡುಕಬೇಡಿ, ಸಿಗುವುದಿಲ್ಲ. ಶಿಕಾಗೋ ಸಾಕು.

24 ಗಂಟೆಯ ಲೆಕ್ಕ ಆರಿಸಿಕೊಳ್ಳಿ. ಮಗಳ ಊರಲ್ಲಿ 3:00 ಕಂಡರೆ ನಸುಕು, 15:00 ಕಂಡರೆ ಮಧ್ಯಾಹ್ನ, ಗೊಂದಲವೇ ಇಲ್ಲ. ಡಿಎಸ್‌ಟಿ ಸಿಎಚ್‌ಐಗೆ ಮಾತ್ರ ಆನ್ ಮಾಡಿ, ಉಳಿದ ಮೂರಕ್ಕೂ ಆಫ್. ಈಗ ಆನ್ ಇರಬೇಕೋ ಆಫ್ ಇರಬೇಕೋ ಅಂತ ಮಗಳಿಗೆ ಒಂದು ಸಲ ಫೋನ್ ಮಾಡಿ ಅವಳ ಟೈಮ್ ಕೇಳಿ ಹೊಂದಿಸಿಕೊಳ್ಳಿ.

ಐದು ಅಲಾರಂನಲ್ಲಿ ಒಂದನ್ನು ಬೆಳಿಗ್ಗೆ 10:30ಕ್ಕೆ ಇಡಿ. ಆಗ ದುಬೈನಲ್ಲಿ 9, ಆಫೀಸು ತೆರೆಯುವ ಹೊತ್ತು. ಇನ್ನೊಂದು 11:30ಕ್ಕೆ, ಜೆದ್ದಾಗೆ.

ರಾಯಚೂರು ರಿಪೇರಿ ಅಂಗಡಿ:
ನನ್ನದೊಂದು ಮಾತು ಸೇರಿಸಿಕೊಳ್ಳಿ. ಸೆಲ್ ಬದಲಿಸುವಾಗ ಹಿಂದಿನ ಮುಚ್ಚಳದ ಒಳಗಿನ ರಬ್ಬರ್ ರಿಂಗ್ ನೋಡಲು ಹೇಳಿ. ಅದು ಒಣಗಿ ಬಿರಿದಿದ್ದರೆ ಅಥವಾ ಸರಿಯಾಗಿ ಕೂರದಿದ್ದರೆ 100 ಮೀಟರ್ ಅಂತ ಬರೆದಿರುವುದು ಬರೀ ಅಕ್ಷರ. ನೀರಿನ ಒಳಗೆ ಬಟನ್ ಒತ್ತಬೇಡಿ. ತೌಡು ಬಟನ್ ಸಂದಿಯಲ್ಲಿ ಗಟ್ಟಿಯಾಗಿ ಕೂರುತ್ತದೆ, ವಾರಕ್ಕೊಮ್ಮೆ ಮೆತ್ತನೆಯ ಬ್ರಷ್‌ನಿಂದ ಒಣಗಿದ್ದಾಗಲೇ ತೆಗೆಯಿರಿ, ಆಮೇಲೆ ನೀರಲ್ಲಿ ತೊಳೆಯಿರಿ.

ಗಂಗಾವತಿ ಅಕ್ಕಿ ಆಫೀಸು:
ಸರಿ ಅಣ್ಣಾ. ಬ್ರಷ್ ತರಿಸುತ್ತೇನೆ. ಊರುಗಳನ್ನು ಈಗ ಕೂತು ಇಡುತ್ತೇನೆ.